ಅಟ್ಟದ ಮೇಲಿನ ಉಪ್ಪು

ಭಾನುವಾರ ಮಧ್ಯಾಹ್ನ ಎರಡರ ಹೊತ್ತಿಗೆ ಕದಿರೇಶ ಕೋಲಾರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಸುಗಟೂರಿಗೆ ಹಿಂತಿರುಗಿದಾಗ ಮನೆಯ ಮುಂದೆ ಯಾರ ಸದ್ದೂ ಇರಲಿಲ್ಲ. ಬೆಳಿಗ್ಗೆ ಅವನು ಹೊರಡುವಾಗ ಚಪ್ಪರದಡಿ ಸಂತೆಯಂತೆ ಮಾತು ನಡೆದಿತ್ತು. ಅವನ ತಾಯಿ ಮುನಿಯಲ್ಲಮ್ಮ, ಹೆಂಡತಿ ಆಶಾರಾಣಿ, ಕೈನೆರವಿಗೆಂದು ಬಂದಿದ್ದ ಹಿಂದಿನ ಬೀದಿಯ ದೊಡ್ಡಗಂಗಮ್ಮ ಸುತ್ತ ಕೂತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಂದ ರೇಷ್ಮೆಗೂಡು ಬಿಡಿಸುತ್ತಿದ್ದರು. ಒಂಬತ್ತು ವರ್ಷದ ಮಗಳು ಶಿವಾನಿ ಒಳ್ಳೆಯ ಗೂಡು ಬೇರೆ, ಕಲೆ ಬಿದ್ದ ಗೂಡು ಬೇರೆ ಮಾಡಿ ಬುಟ್ಟಿಗೆ ಹಾಕುತ್ತಿದ್ದಳು. ಈಗ ಚಂದ್ರಿಕೆಗಳು ಅರ್ಧ ಬಿಡಿಸಿದ ಹಾಗೇ ಬಿದ್ದಿದ್ದವು. ಬುಟ್ಟಿಯೊಂದು ಮಗುಚಿ ಗೂಡುಗಳು ಅಂಗಳದ ತುಂಬ ಉರುಳಿದ್ದವು.

ಮುನಿಯಲ್ಲಮ್ಮ ಬಚ್ಚಲ ಹತ್ತಿರ ಮೊಣಕಾಲೂರಿ ವಾಂತಿ ಮಾಡುತ್ತಿದ್ದಳು. ಆಶಾರಾಣಿ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದಳು. ಶಿವಾನಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಅಪ್ಪನನ್ನು ಕಂಡು ಎದ್ದು ಕೂರಲು ನೋಡಿದಳು, ಆಗಲಿಲ್ಲ.

"ಅಪ್ಪಾ, ಕಾಲು ಬರ್ತಿಲ್ಲ."

"ಬರ್ತಿಲ್ಲ ಅಂದ್ರೆ?"

"ಎತ್ತಕ್ಕೇ ಆಗ್ತಿಲ್ಲಪ್ಪ."

ಅವನು ಬಗ್ಗಿ ಅವಳ ಕಾಲನ್ನು ಎತ್ತಿ ಬಿಟ್ಟ. ಒದ್ದೆ ಬಟ್ಟೆಯಂತೆ ಕೆಳಗೆ ಬಿತ್ತು. ಕದಿರೇಶ ಹೊರಗೆ ಓಡಿದ. ಎದುರುಮನೆಯ ಉಮೇಶನನ್ನು ಕೂಗಿದ. ಅವನು ಟೊಮ್ಯಾಟೊ ಸಾಗಿಸುವ ತನ್ನ ಟಾಟಾ ಏಸ್ ತಂದು ಬಾಗಿಲಿಗೆ ನಿಲ್ಲಿಸಿದ. ಮೂವರನ್ನೂ ಹಿಂದೆ ಮಲಗಿಸಿ ಕೋಲಾರದ ಕಡೆ ಓಡಿಸಿದರು. ದಾರಿಯುದ್ದಕ್ಕೂ ಮುನಿಯಲ್ಲಮ್ಮ "ದೇವುಡಾ, ದೇವುಡಾ" ಎಂದು ಒಂದೇ ಸಮನೆ ನರಳುತ್ತಿದ್ದಳು. ಊರು ದಾಟುವಷ್ಟರಲ್ಲಿ ಆ ಮಾತೂ ತೊದಲತೊಡಗಿತು.

ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಇದ್ದವರು ಡಾಕ್ಟರ್ ಮೇಘನ. ಮೂವತ್ತು ದಾಟಿರದ, ಸಣ್ಣ ಆಳಿನ ಹೆಂಗಸು. ಮೂವರಿಗೂ ಗ್ಲೂಕೋಸ್ ಹಚ್ಚಿಸಿ, ಟಾರ್ಚ್ ಹಿಡಿದು ಕಣ್ಣು ನೋಡಿದರು.

"ತಿಂದ ಸೊಪ್ಪಿಗೆ ಔಷಧಿ ಹೊಡೆದಿದ್ರೇನೋ ಮೇಡಂ. ತೊಳೀದೆ ಮಾಡಿಬಿಟ್ಟಿರ್ತಾರೆ," ಎಂದ ಉಮೇಶ.

"ಹಾಗಿದ್ರೆ ಕಣ್ಣಿನ ಪಾಪೆ ಸೂಜಿಮೊನೆ ಥರ ಆಗಿರ್ಬೇಕಿತ್ತು. ಆಗಿಲ್ಲ," ಎಂದರು ಮೇಘನ. ಎದೆಗೆ ತಂತಿ ಅಂಟಿಸಿ ತೆಗೆದ ಇಸಿಜಿ ಕಾಗದವನ್ನು ಎರಡೆರಡು ಸಲ ಬೆಳಕಿಗೆ ಹಿಡಿದು ನೋಡಿದರು. ಸ್ವಲ್ಪ ಹೊತ್ತಿಗೆ ರಕ್ತಪರೀಕ್ಷೆಯ ವರದಿ ಬಂತು. ಮೂವರ ರಕ್ತದಲ್ಲೂ ಪೊಟ್ಯಾಸಿಯಂ ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಬರೀ ವಾಂತಿಭೇದಿಗೆ, ಅದೂ ಒಂದೆರಡು ಗಂಟೆಯೊಳಗೆ, ಇಷ್ಟು ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಏನೋ ವಿಷ ಹೊಟ್ಟೆಗೆ ಹೋಗಿದೆ. ಏನದು?" ಎಂದು ಕದಿರೇಶನ ಮುಖ ನೋಡಿ ಕೇಳಿದರು. "ಮನೆಗೆ ಹೊಸದಾಗಿ ಏನಾದ್ರೂ ತಂದಿದ್ರಾ? ಹಿಟ್ಟು, ಎಣ್ಣೆ, ಗೊಬ್ಬರ, ಏನೇ ಆಗ್ಲಿ."

"ಇಲ್ಲ ಮೇಡಂ," ಎಂದ ಕದಿರೇಶ. ಆ ಕ್ಷಣಕ್ಕೆ ಅದು ಸುಳ್ಳೇನೂ ಆಗಿರಲಿಲ್ಲ. ಅವನಿಗೆ ನೆನಪೇ ಇರಲಿಲ್ಲ.

ಮೇಘನ ಮಗುವಿನ ಕಡೆ ಬಾಗಿದರು. "ಪುಟ್ಟಿ, ಇವತ್ತು ಏನು ಊಟ ಮಾಡಿದ್ರಿ?"

"ಮುದ್ದೆ. ಸೊಪ್ಪಿನ ಸಾರು," ಎಂದಳು ಶಿವಾನಿ. ನಾಲಿಗೆ ಹೊರಳುತ್ತಿರಲಿಲ್ಲ, ಒಂದೊಂದೇ ಮಾತು ಎಳೆದು ಆಡಿದಳು. "ಉಪ್ಪು ಮುಗ್ದೋಗಿತ್ತು. ಅಜ್ಜಿ ಹುಳುಮನೆ ಅಟ್ಟದಿಂದ ಉಪ್ಪಿನ ಡಬ್ಬ ತಂದ್ಲು. ಎಷ್ಟ್ ಹಾಕಿದ್ರೂ ಉಪ್ಪೇ ಹತ್ತಲ್ವಲ್ಲ ಅಂತ ಮತ್ತೆ ಮತ್ತೆ ಹಾಕಿದ್ಲು."

ಮೇಘನ ಡಬ್ಬದ ಬಗ್ಗೆ ಕೇಳಲು ತಿರುಗುವಷ್ಟರಲ್ಲಿ ಕದಿರೇಶ ಏನೋ ತರಬೇಕಿರುವವನಂತೆ ಹೊರಗಿನ ಮೊಗಸಾಲೆಗೆ ನಡೆದುಬಿಟ್ಟ.

ಅವನು ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದ. ಉಕ್ಕಿನ ಹತಾರಗಳಿಗೆ ಹದ ಕೊಡುವ ಕಾರ್ಖಾನೆ ಅದು. ಅಲ್ಲಿ ಉಪ್ಪನ್ನು ಕಾಯಿಸಿ ಕಾಯಿಸಿ ನೀರಿನಂತೆ ಕರಗಿಸುತ್ತಾರೆ. ಸಾವಿರ ಡಿಗ್ರಿ ಮೀರಿದ ಆ ಕೆಂಡದಂಥ ದ್ರವದೊಳಗೆ ಬೈರಿಗೆಗಳನ್ನೂ ಅಚ್ಚುಗಳನ್ನೂ ಇಳಿಬಿಟ್ಟು ತೆಗೆದರೆ ಉಕ್ಕು ಗಡುಸಾಗುತ್ತದೆ. ಒಂದೊಂದು ಕುಲುಮೆಗೆ ಒಂದೊಂದು ಜಾತಿಯ ಉಪ್ಪು. ಹೆಸರು ಯಾವುದಾದರೇನು, ಕೆಲಸಗಾರರ ಬಾಯಲ್ಲಿ ಎಲ್ಲವೂ ಉಪ್ಪೇ. ಮುಟ್ಟಿದ ಕೈ ತೊಳೆಯದೆ ಬೀಡಿ ಕೂಡ ಸೇದಬಾರದು ಎಂದು ಮೇಲ್ವಿಚಾರಕ ಮುರಳಿಮೋಹನ್ ವಾರಕ್ಕೊಮ್ಮೆಯಾದರೂ ಬಯ್ಯುತ್ತಿದ್ದ.

ಎರಡು ತಿಂಗಳ ಹಿಂದೆ ಕದಿರೇಶ ರೇಷ್ಮೆಹುಳು ಸಾಕುವ ಹುಳುಮನೆಗೆ ಇಲಿಕಾಟ ಶುರುವಾಗಿತ್ತು. ಗೂಡು ಕಟ್ಟಲು ಹಣ್ಣಾದ ಹುಳುಗಳನ್ನು ತಟ್ಟೆಗಟ್ಟಲೆ ತಿಂದು ಹಾಕುತ್ತಿದ್ದವು. ಕುಲುಮೆಯ ಹಳೆಯ ಕೆಲಸಗಾರನೊಬ್ಬ ಸ್ಟೋರಿನ ಮೂಲೆಯ ಚೀಲ ತೋರಿಸಿ, ಅದನ್ನು ಹಿಟ್ಟಿಗೆ ಕಲಸಿಟ್ಟರೆ ಇಲಿ ಉಳಿಯಲ್ಲ ಅಂದಿದ್ದ. ಕದಿರೇಶ ಯಾರನ್ನೂ ಕೇಳದೆ ಒಂದು ಡಬ್ಬದಷ್ಟು ತುಂಬಿಕೊಂಡು, ಊಟದ ಚೀಲದಲ್ಲಿ ಅಡಗಿಸಿ ಗೇಟು ದಾಟಿಸಿದ್ದ. ಹಾರ್ಲಿಕ್ಸ್ ಡಬ್ಬ. ಮೇಲೆ ಒಂದು ಚೀಟಿ ಅಂಟಿಸಲಿಲ್ಲ. ಮನೆಯಲ್ಲಿ ಬಾಯಿ ಬಿಡಲಿಲ್ಲ, ಬಿಟ್ಟರೆ ಕಾರ್ಖಾನೆಯಿಂದ ಕದ್ದು ತಂದದ್ದೂ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಬೆಕ್ಕೊಂದು ಬಂದು ಮನೆಯಲ್ಲೇ ಮರಿ ಹಾಕಿ, ಇಲಿಗಳ ಕಾಟ ತಾನಾಗೇ ನಿಂತಿತು. ಡಬ್ಬ ಅಟ್ಟದ ಮೇಲೆ ಉಳಿಯಿತು, ಅವನು ಮರೆತ.

ಕದಿರೇಶ ಮೊಗಸಾಲೆಯ ಬೆಂಚಿನ ಮೇಲೆ ಕೂತ. ಹೇಳಬೇಕು ಎಂದುಕೊಂಡು ಎದ್ದ, ಮತ್ತೆ ಕೂತ. ಹೇಳಿದರೆ ಕಳ್ಳತನ ಹೊರಗೆ ಬರುತ್ತದೆ. ಕೆಲಸ ಹೋಗುತ್ತದೆ. ಪೊಲೀಸರು ಬರುತ್ತಾರೆ, ಹೆತ್ತ ತಾಯಿಗೇ ವಿಷ ಇಟ್ಟ ಅನ್ನುತ್ತಾರೆ. ಡಾಕ್ಟರು ಹೇಗೂ ನೋಡುತ್ತಿದ್ದಾರಲ್ಲ, ಗ್ಲೂಕೋಸ್ ಹೋಗುತ್ತಿದೆಯಲ್ಲ, ಅದರಿಂದಲೇ ವಾಸಿಯಾದರೆ ಯಾರಿಗೂ ತಿಳಿಯುವುದೇ ಬೇಡ. ಹೀಗೆ ಅವನು ಗೋಡೆ ಗಡಿಯಾರ ನೋಡುತ್ತ ಕೂತಿದ್ದ. ಹತ್ತು ನಿಮಿಷ ಕೂತಿದ್ದ. ಒಳಗಿನಿಂದ ನರ್ಸ್ "ಡಾಕ್ಟ್ರೇ, ಅಜ್ಜಿಗೆ ಉಸಿರು ಸಾಲ್ತಿಲ್ಲ" ಎಂದು ಕೂಗಿದ್ದು ಕೇಳಿತು. ಆಗ ಎದ್ದು ಓಡಿದ.

"ಮೇಡಂ, ಅದು ಉಪ್ಪಲ್ಲ. ನಾನು ತಂದಿಟ್ಟಿದ್ದೆ. ಫ್ಯಾಕ್ಟರಿ ಉಪ್ಪು, ಇಲಿಗೆ ಅಂತ."

ಮೇಘನ ಬಯ್ಯಲಿಲ್ಲ. "ಹೆಸರೇನು ಅದರದ್ದು?"

"ಗೊತ್ತಿಲ್ಲ ಮೇಡಂ. ಬೆಳ್ಳಗಿರ್ತದೆ. ಅಲ್ಲಿ ಮೂರ್ನಾಲ್ಕು ಥರ ಇವೆ, ಎಲ್ಲಾ ಬೆಳ್ಳಗೇ."

"ಹೆಸರು ಬೇಕು. ಒಂದೊಂದಕ್ಕೂ ಬೇರೆ ಬೇರೆ ಔಷಧಿ. ತಪ್ಪು ಕೊಟ್ರೆ ನಾನೇ ಕೊಂದ ಹಾಗಾಗುತ್ತೆ. ಕೂಡಲೇ ಫೋನ್ ಮಾಡಿ."

ಮುರಳಿಮೋಹನ್ ಮಾಲೂರಿನ ಮನೆಯಲ್ಲಿದ್ದ.

"ಸಾರ್, ನಾನು ಕದಿರೇಶ. ಸ್ಟೋರ್ ಮೂಲೆ ಚೀಲದಲ್ಲಿರೋ ಉಪ್ಪು ಯಾವ್ದು ಸಾರ್?"

"ಭಾನುವಾರ ಅದ್ಯಾಕೋ ನಿಂಗೆ?"

"ಒಂದು ಡಬ್ಬ ಮನೆಗೆ ತಂದಿದ್ದೆ ಸಾರ್. ಕೇಳದೆ ತಂದಿದ್ದೆ. ನಮ್ಮಮ್ಮ ಸಾರಿಗೆ ಹಾಕ್ಬಿಟ್ಟಿದಾಳೆ. ಮಗು ತಿಂದಿದೆ ಸಾರ್."

ಮುರಳಿಮೋಹನನ ದನಿ ಬದಲಾಯಿತು. "ಮೂಲೇಲಿ ಮೂರು ಚೀಲ ಇದಾವೆ ಕಣೋ. ಯಾವುದು ಅಂತ ಹೇಳಲಿ ನಾನು? ಕೀ ನನ್ನ ಹತ್ರಾನೇ ಇದೆ. ಹೋಗಿ ಫೋಟೋ ಕಳಿಸ್ತೀನಿ, ನೋಡಿ ಹೇಳು. ಅಳಬೇಡ, ಫೋನ್ ಕೈಯಲ್ಲೇ ಇಟ್ಕೋ."

ಅವನು ಹೋಗಿ ಬಾಗಿಲು ತೆಗೆಯುವವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಮುನಿಯಲ್ಲಮ್ಮನ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಾಕಿದರು. ಹಿಂದೆಯೇ ಶಿವಾನಿಯನ್ನು ಇನ್ನೊಂದು ಯಂತ್ರಕ್ಕೆ ಹಾಕಬೇಕಾಯಿತು. ಆಸ್ಪತ್ರೆಯಲ್ಲಿ ಇದ್ದದ್ದು ಎರಡೇ.

"ಇವರು ಮೂವರನ್ನ ಬಿಟ್ಟು ಆ ಸಾರು ಇನ್ಯಾರಾದ್ರೂ ತಿಂದಿದಾರಾ?" ಎಂದು ಮೇಘನ ಕೇಳಿದರು.

ಕದಿರೇಶ ಇಲ್ಲವೆನ್ನಲು ಬಾಯಿ ತೆರೆದ. ಮಂಚದ ಮೇಲಿಂದ ಆಶಾರಾಣಿ ಕೈ ಎತ್ತಿದಳು. ಕಡಿಮೆ ಉಂಡಿದ್ದಳಾದ್ದರಿಂದ ಅವಳಿಗೆ ಇನ್ನೂ ಮಾತು ನಿಂತಿರಲಿಲ್ಲ.

"ದೊಡ್ಡಗಂಗಮ್ಮ... ನಮ್ ಜೊತೇಲೇ ಉಂಡ್ಲು. ಹೊಟ್ಟೆ ಸರಿಯಿಲ್ಲ, ಮಲಗ್ತೀನಿ ಅಂತ ಮನೆಗೋದ್ಲು. ಸಾರು... ಗಂಡಂಗೆ ಅಂತ ಕ್ಯಾರಿಯರ್‌ನಲ್ಲಿ ತಗೊಂಡೋದ್ಲು."

ಕದಿರೇಶ ತಲೆ ಚಚ್ಚಿಕೊಂಡ. ಬೆಳಿಗ್ಗೆ ಕಣ್ಣಾರೆ ನೋಡಿದ್ದವಳು. ಗಾಬರಿಯಲ್ಲಿ ಅವಳ ನೆನಪೇ ಬಂದಿರಲಿಲ್ಲ. ಅವಳ ಗಂಡ ಗಂಗುಲಪ್ಪನಿಗೆ ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಹಿಪ್ಪುನೇರಳೆ ತೋಟಕ್ಕೆ ಹೋದರೆ ಫೋನನ್ನು ಮನೆಯಲ್ಲೇ ಬಿಟ್ಟು ಹೋಗುವ ಮನುಷ್ಯ. ಉಮೇಶ ಗಾಡಿ ತಿರುಗಿಸಿಕೊಂಡು ಊರಿಗೆ ಓಡಿದ.

ಫೋಟೋ ಬಂತು. ಮೂರು ಚೀಲ. ಕದಿರೇಶ ನೀಲಿ ದಾರದ ಹೊಲಿಗೆಯಿದ್ದ ಚೀಲದ ಮೇಲೆ ಬೆರಳಿಟ್ಟ. ಆ ದಾರವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಮೇಘನ ಚಿತ್ರ ಹಿಗ್ಗಿಸಿ ಓದಿದರು.

"ಬೇರಿಯಂ ಕ್ಲೋರೈಡ್."

ಅಲ್ಲಿಂದ ಮುಂದೆ ಎಲ್ಲವೂ ಓಟದಲ್ಲೇ ನಡೆಯಿತು. ಮೇಘನ ಬೆಂಗಳೂರಿನ ವಿಷಚಿಕಿತ್ಸೆಯವರಿಗೆ ಫೋನು ಹಚ್ಚಿ, ಹೆಗಲಿಗೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡೇ ಕೆಲಸ ಮಾಡಿದರು. ನರ್ಸನ್ನು ಹೆರಿಗೆ ವಾರ್ಡಿಗೆ ಓಡಿಸಿ, ಗರ್ಭಿಣಿಯರಿಗೆ ಫಿಟ್ಸ್ ಬಂದಾಗ ಕೊಡುವ ಮೆಗ್ನೀಸಿಯಂ ಸಲ್ಫೇಟ್ ತರಿಸಿದರು. ಮೂಗಿನ ಕೊಳವೆಯಿಂದ ಅದು ಹೊಟ್ಟೆಗೆ ಇಳಿಯಿತು. ರಕ್ತನಾಳಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಚ್ಚಿದರು.

ಕದಿರೇಶನಿಗೆ ಕಿವಿಯಲ್ಲಿ ಕ್ಲೋರೈಡ್ ಎಂಬ ಮಾತೊಂದೇ ಗುಂಯ್ಗುಟ್ಟುತ್ತಿತ್ತು. "ಮೇಡಂ, ಮತ್ತೆ ಅದನ್ನೇ ಕೊಡ್ತಿದೀರಾ?"

"ಕ್ಲೋರೈಡ್ ಕೊಲ್ಲಲ್ಲ. ನಾವು ದಿನಾ ತಿನ್ನೋ ಉಪ್ಪಲ್ಲೂ ಇದೆ. ಅದರ ಜೊತೆ ಇರೋ ಲೋಹ ಯಾವುದು ಅನ್ನೋದು ಮುಖ್ಯ," ಎಂದರು ಮೇಘನ, ಹನಿಗಳ ಮೇಲಿಂದ ಕಣ್ಣು ತೆಗೆಯದೆ. "ಬೇರಿಯಂ ರಕ್ತಕ್ಕೆ ಸೇರಿದ್ರೆ, ಪೊಟ್ಯಾಸಿಯಂ ಜೀವಕೋಶದಿಂದ ಹೊರಗೆ ಬರೋ ಬಾಗಿಲಿಗೇ ಅಡ್ಡ ನಿಲ್ಲುತ್ತೆ. ಪೊಟ್ಯಾಸಿಯಂ ಒಳಗೇ ಸಿಕ್ಕಿಹಾಕ್ಕೊಂಡು ರಕ್ತದಲ್ಲಿ ಖಾಲಿಯಾಗುತ್ತೆ. ಆಗ ಕೈಕಾಲು ಬೀಳುತ್ತೆ, ಉಸಿರು ನಿಲ್ಲುತ್ತೆ, ಹೃದಯ ತಾಳ ತಪ್ಪುತ್ತೆ. ಅದಕ್ಕೇ ಇದನ್ನ ಕೊಡ್ತಿರೋದು. ಇದೂ ಜೋರಾಗಿ ಹೋದ್ರೆ ಹೃದಯ ನಿಂತೇಹೋಗುತ್ತೆ."

"ಹೊಟ್ಟೇಲಿರೋದು?"

"ಸಲ್ಫೇಟ್ ಸೇರಿದ್ರೆ ಬೇರಿಯಂ ಸೀಮೆಸುಣ್ಣದ ಹಾಗೆ ಗಟ್ಟಿಯಾಗಿ, ಕರಗದೆ ಹೊರಗೆ ಹೋಗುತ್ತೆ. ಎಕ್ಸ್‌ರೇ ತೆಗೆಯೋಕೆ ಮುಂಚೆ ಕುಡಿಸ್ತೀವಲ್ಲ, ಅದೂ ಅದೇ. ರಕ್ತಕ್ಕೆ ಸೇರಿಹೋಗಿರೋದನ್ನ ಮಾತ್ರ ಹಿಡಿಯೋಕಾಗಲ್ಲ."

ನಾಲ್ಕೂವರೆಗೆ ಉಮೇಶನ ಗಾಡಿ ಬಂತು. ದೊಡ್ಡಗಂಗಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ಒಬ್ಬಳೇ ಬಿದ್ದಿದ್ದಳಂತೆ. ಎರಡು ಸಲ ಬಡಿಸಿಕೊಂಡು ಉಂಡಿದ್ದವಳು. ಅವಳು ಬೇಡವೆಂದರೂ ಕೇಳದೆ ಮುನಿಯಲ್ಲಮ್ಮ ಸೌಟು ಸೌಟು ಬಡಿಸಿದ್ದಳು. ದೊಡ್ಡಗಂಗಮ್ಮನ ತುಟಿ ನೀಲಿಯಾಗಿತ್ತು, ಬೆರಳೊಂದೂ ಅಲ್ಲಾಡುತ್ತಿರಲಿಲ್ಲ. ಮೇಘನ ಅವಳ ಗಂಟಲಿಗೂ ಕೊಳವೆ ಇಳಿಸಿದರು. ಆದರೆ ಯಂತ್ರ ಇರಲಿಲ್ಲ. ಯಂತ್ರವಿರುವ ಆಂಬುಲೆನ್ಸ್ ಹೊಸಕೋಟೆ ಕಡೆಯಿಂದ ಹೊರಟಿದೆ ಎಂದರು. ಕೊಳವೆಗೆ ರಬ್ಬರು ಚೀಲ ಸಿಕ್ಕಿಸಿ ನರ್ಸ್ ಒತ್ತತೊಡಗಿದಳು. ಮೂವರಿಗೆ ಔಷಧಿ ನೋಡಬೇಕಾದವಳೂ ಅವಳೇ.

"ಕೊಡಿ, ನಾನು ಒತ್ತೀನಿ," ಎಂದು ಕದಿರೇಶ ಮುಂದೆ ಬಂದ.

ಮೇಘನ ಅವನ ಕೈಹಿಡಿದು ತೋರಿಸಿಕೊಟ್ಟರು. ಒತ್ತು, ಬಿಡು, ಐದು ಎಣಿಸು, ಮತ್ತೆ ಒತ್ತು. "ನಿಲ್ಲಿಸಬಾರದು. ಇನ್ನೊಂದು ವಿಷಯ. ಇವರಿಗೆ ಪ್ರಜ್ಞೆ ಇದೆ. ಮೈ ಮಾತ್ರ ಆಡ್ತಿಲ್ಲ. ಎಲ್ಲಾ ಕೇಳಿಸುತ್ತೆ, ಧೈರ್ಯ ಹೇಳ್ತಾ ಇರಿ."

ಕದಿರೇಶ ಒತ್ತಿದ. ಅವಳ ಎದೆ ಏರಿತು, ಇಳಿಯಿತು. ಅರೆತೆರೆದ ರೆಪ್ಪೆಗಳ ಕೆಳಗಿನಿಂದ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಹುಟ್ಟಿದಾಗಿನಿಂದ ಅವನನ್ನು ಬಲ್ಲವಳು. ಅವನ ಮದುವೆಯ ಚಪ್ಪರಕ್ಕೆ ಗರಿ ಹೆಣೆದವಳು. ಇವತ್ತು ಕೂಲಿಗೂ ಬಂದಿರಲಿಲ್ಲ, ಸುಮ್ಮನೆ ಕೈ ಆಡಿಸಲು ಬಂದಿದ್ದಳು. ಧೈರ್ಯದ ಮಾತು ಬಾಯಿಗೆ ಬರಲಿಲ್ಲ.

"ದೊಡ್ಡಮ್ಮ, ನಾನು ಕದಿರೇಶ. ಅದು ಉಪ್ಪಲ್ಲ ದೊಡ್ಡಮ್ಮ. ಇಲಿಗೆ ಅಂತ ನಾನು ಕದ್ದು ತಂದಿಟ್ಟಿದ್ದೆ. ಅಮ್ಮಂಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ ನಾನು. ತಪ್ಪು ನಂದು. ನೀನು ಎದ್ದು ನಾಲ್ಕು ಬಾರಿಸು, ಬಯ್ಯಿ, ಏನಾದ್ರೂ ಮಾಡು. ಹೋಗಬೇಡ ಕಣಮ್ಮ."

ಒತ್ತು, ಬಿಡು. ಅವನು ಹೇಳಿದ್ದನ್ನೇ ಹೇಳಿದ. ಬೆರಳು ಮರಗಟ್ಟಿದಾಗ ಕೈ ಬದಲಿಸಿದ. ಒಮ್ಮೆ ಅವಳ ಕಣ್ಣು ಅವನನ್ನು ಬಿಟ್ಟು ಬಾಗಿಲ ಕಡೆ ಹೊರಳಿತು. ಗಂಗುಲಪ್ಪನನ್ನು ಹುಡುಕುತ್ತಿದ್ದಾಳೆ ಎಂದು ಅವನಿಗನ್ನಿಸಿತು. "ದೊಡ್ಡಪ್ಪ ಬರ್ತಾ ಇದಾನೆ, ಬಂದುಬಿಡ್ತಾನೆ," ಎಂದ.

ಐದೂಮುಕ್ಕಾಲಕ್ಕೆ, ಆಂಬುಲೆನ್ಸ್ ಇನ್ನೂ ಬಂದಿರದಾಗಲೇ, ಪರದೆಯ ಮೇಲಿನ ಗೆರೆ ದಿಕ್ಕಾಪಾಲಾಗಿ ಕುಣಿಯಿತು. ಮೇಘನ ಓಡಿಬಂದು ಅವನನ್ನು ಆಚೆ ತಳ್ಳಿದರು. ಎದೆಗೆ ಮೂರು ಸಲ ವಿದ್ಯುತ್ತು ಕೊಟ್ಟರು. ಆಮೇಲೆ ಬೆವರು ಸುರಿಯುವಷ್ಟು ಹೊತ್ತು ಎದೆ ಒತ್ತಿದರು. ಕೊನೆಗೆ ಗಡಿಯಾರ ನೋಡಿ ಕೈ ತೆಗೆದರು.

ಗಂಗುಲಪ್ಪ ಹೊರಗೆ ಬಂದು ನಿಂತಿದ್ದ. ತೋಟದಿಂದ ಬಂದವನು ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ. ಸಾರು ಪರೀಕ್ಷೆಗೆ ಬೇಕು, ಚೆಲ್ಲದೆ ತರಬೇಕು ಎಂದು ಡಾಕ್ಟರು ಹೇಳಿಕಳಿಸಿದ್ದರಿಂದ ಊಟದ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಎಂಗವಳೋ ನಿಮ್ ದೊಡ್ಡಮ್ಮ?" ಎಂದ. ಉತ್ತರಕ್ಕೆ ಕಾಯದೆ, "ಆ ಸುನಂದನ ಅಂಗಡಿ ಉಪ್ಪಲ್ಲೇ ಏನೋ ಬೆರೆಸವ್ರಂತೆ. ಊರೋರೆಲ್ಲಾ ಅಂಗಡಿ ಮುಂದೆ ನಿಂತವ್ರೆ. ಬಾಗಿಲು ಒಡೀತೀವಿ ಅಂತಾವ್ರೆ," ಎಂದ.

ಕದಿರೇಶ ಅವನ ಎದುರಿಗೆ ಬಂದು ನಿಂತ.

"ಸುನಂದಕ್ಕಂದೇನೂ ತಪ್ಪಿಲ್ಲ ದೊಡ್ಡಪ್ಪ. ವಿಷ ನಾನು ತಂದಿಟ್ಟಿದ್ದು, ಅಟ್ಟದ ಮೇಲೆ. ದೊಡ್ಡಮ್ಮ ಹೋಗ್ಬಿಟ್ಲು."

ಹೊಡೆಯುತ್ತಾನೆ ಎಂದು ಕಾದ. ಗಂಗುಲಪ್ಪ ಕ್ಯಾರಿಯರನ್ನು ಮೆಲ್ಲಗೆ, ತುಳುಕದ ಹಾಗೆ, ನೆಲದ ಮೇಲಿಟ್ಟ. ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಟವಲಿನಿಂದ ಮುಖ ಮುಚ್ಚಿಕೊಂಡ. ಅಂಗಡಿಯ ಮುಂದಿದ್ದವರಿಗೆ ಫೋನು ಮಾಡಿ ನಿಜ ಹೇಳಿದವನು ಉಮೇಶ.

ಶಿವಾನಿ ಮಾರನೆಯ ದಿನ ಸಂಜೆ ಹೆಬ್ಬೆರಳು ಅಲ್ಲಾಡಿಸಿದಳು. ಮೂರನೆಯ ದಿನ ಕೊಳವೆ ತೆಗೆದರು. ಮುನಿಯಲ್ಲಮ್ಮನಿಗೆ ಐದು ದಿನ ಹಿಡಿಯಿತು. ಮಾತು ಬಂದ ಮೇಲೆ ಅವಳು ಮೊದಲು ಕೇಳಿದ್ದು ದೊಡ್ಡಗಂಗಮ್ಮನ ವಿಷಯ. ಯಾರೂ ಬಾಯಿ ಬಿಡದಿದ್ದಾಗ ತಾನೇ ತಿಳಿದುಕೊಂಡಳು. "ನಾನೇ ಕೈಯಾರ ಬಡಿಸಿದೆ," ಎಂದಳು, ಅಷ್ಟೇ. ಊರಿಗೆ ಬಂದ ಮೇಲೂ ಅವಳು ಒಲೆಯ ಮುಂದೆ ಕೂರಲಿಲ್ಲ. ಆಶಾರಾಣಿ ಅನ್ನಕ್ಕಿಡುತ್ತಿದ್ದರೆ ಎದ್ದು ಹೊರಗೆ ಹೋಗುತ್ತಿದ್ದಳು.

ಕದಿರೇಶನ ಕೆಲಸ ಹೋಯಿತು. ಪೊಲೀಸರು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಕೇಸು ಹಾಕಿದರು. ಜಾಮೀನಿನ ಮೇಲೆ ಹೊರಗೆ ಬಂದ. ಮುರಳಿಮೋಹನ್ ಒಂದು ದಿನ ಫೋನು ಮಾಡಿ ಮಗುವನ್ನು ವಿಚಾರಿಸಿದ. ಉಪ್ಪಿನ ಕೋಣೆಗೆ ಬೇರೆ ಬೀಗ ಹಾಕಿಸಿ, ಪ್ರತಿ ಚೀಲಕ್ಕೂ ತಲೆಬುರುಡೆಯ ಚಿತ್ರ ಅಂಟಿಸಿದ್ದೇನೆ ಎಂದ. ಕದಿರೇಶ ಹೂಂಗುಟ್ಟಿದ.

ತಿಥಿಯೆಲ್ಲ ಮುಗಿದು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಗಂಗುಲಪ್ಪ ತಾನಾಗಿ ಮನೆಗೆ ಬಂದ. ಜಗುಲಿಯ ಮೇಲೆ ಕೂತ. ಆಶಾರಾಣಿ ಚೊಂಬಿನಲ್ಲಿ ನೀರು ತಂದಿಟ್ಟು ಬಾಗಿಲ ಹಿಂದೆ ನಿಂತಳು.

"ಅವಳಿಗೆ ಕೇಳಿಸ್ತಿತ್ತಂತೆ, ಹೌದಾ?" ಎಂದ ಗಂಗುಲಪ್ಪ.

"ಕೇಳಿಸ್ತಿತ್ತು ದೊಡ್ಡಪ್ಪ."

"ಏನಂದೆ ಅವಳಿಗೆ?"

ಕದಿರೇಶ ಹೇಳಿದ. ಒಂದೂ ಬಿಡದೆ ಹೇಳಿದ. ಬಾಗಿಲ ಕಡೆ ಕಣ್ಣು ಹೊರಳಿದ್ದನ್ನೂ ಹೇಳಿದ. ಗಂಗುಲಪ್ಪ ತಲೆ ತಗ್ಗಿಸಿ ಕೇಳಿದ. ಎದ್ದು ಹೋಗುವನೇನೋ ಅನ್ನುವಾಗ ಕದಿರೇಶನಿಗೆ ತಡೆಯಲಾಗಲಿಲ್ಲ.

"ಇನ್ನೊಂದೈತೆ. ಪೊಲೀಸರಿಗೂ ಹೇಳಿಲ್ಲ. ಮಗು ಡಬ್ಬದ ಮಾತು ಹೇಳ್ತಿದ್ದಂಗೇ ನಂಗೆ ಗೊತ್ತಾಯ್ತು. ಗೊತ್ತಾದ್ಮೇಲೂ ಹತ್ತು ನಿಮಿಷ ಹೊರಗೆ ಕೂತಿದ್ದೆ. ಬಾಯಿ ಬಿಡಲಿಲ್ಲ. ನಾನು ಆಗ್ಲೇ ಹೇಳಿದ್ರೆ ದೊಡ್ಡಮ್ಮನ ವಿಷಯಾನೂ ಹತ್ತು ನಿಮಿಷ ಮುಂಚೆ ಬರ್ತಿತ್ತು."

"ಆ ಹತ್ತು ನಿಮಿಷಕ್ಕೆ ಬದುಕ್ತಿದ್ಲಾ?"

"ಗೊತ್ತಿಲ್ಲ. ಡಾಕ್ಟ್ರನ್ನ ಕೇಳೋಕೆ ಧೈರ್ಯ ಬರಲಿಲ್ಲ."

"ನಾನೂ ಕೇಳಲ್ಲ," ಎಂದ ಗಂಗುಲಪ್ಪ. ಎದ್ದು, ನೀರನ್ನು ಮುಟ್ಟದೆ, ಬಂದ ದಾರಿಯಲ್ಲೇ ನಡೆದುಹೋದ.

ಕದಿರೇಶ ಚೊಂಬು ತೆಗೆದುಕೊಳ್ಳಲು ಬಗ್ಗಿದಾಗ ಬಾಗಿಲ ಹಿಂದಿನಿಂದ ಆಶಾರಾಣಿ ಮುಂದೆ ಬಂದಳು. ಈ ಮಾತು ಅವಳಿಗೂ ಹೊಸದು. ಅವಳು ಕೂಗಾಡಲಿಲ್ಲ.

"ಆ ಹತ್ತು ನಿಮಿಷ ನಮ್ ಶಿವಾನೀನೂ ಒಳಗೇ ಮಲಗಿದ್ಲು," ಎಂದಳು.

"ಹೂಂ."

ಅವಳು ಅವನ ಮುಖವನ್ನು ಒಂದು ಸಲ ನೋಡಿ, ಶಾಲೆಗೆ ಹೊರಟಿದ್ದ ಶಿವಾನಿಯ ಕೈ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಮಗುವಿನ ನಡಿಗೆ ಇನ್ನೂ ಪೂರ್ತಿ ಸರಿಹೋಗಿರಲಿಲ್ಲ. ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಕದಿರೇಶ ಜಗುಲಿಯ ಮೇಲೆಯೇ ನಿಂತಿದ್ದ, ಹಿಂದೆ ಹೋಗಲು ಅವನಿಂದ ಆಗಲಿಲ್ಲ.